ಒಂದೇ ಅಂಗಳ, ಎರಡು ಅಂಗಳ

ಗಂಡು ಹೆಣ್ಣು ಒಂದೇ ನೆಲದ ಮೇಲೆ ನಿಂತು ಕಾದುವ ವಿದ್ಯೆ ಕಲಿಯುವ ಪದ್ಧತಿ ಗರಡಿಯಲ್ಲಿ ಹುಟ್ಟಿದ್ದಲ್ಲ. ಗರಡಿ ಅದನ್ನು ಒಪ್ಪಿಕೊಂಡದ್ದು ತೀರ ಇತ್ತೀಚೆಗೆ, ಅದೂ ಒಲ್ಲದ ಮನಸ್ಸಿನಿಂದ. ಕನ್ನಡ ನಾಡಿನ ಮಟ್ಟಿಗೆ ಈ ಪದ್ಧತಿಯ ಆಧುನಿಕ ಚರಿತ್ರೆ ಹುಬ್ಬಳ್ಳಿಯದು. ಆದರೆ ಅದರ ಕಿಡಿ ಹೊತ್ತಿದ್ದು ನಾಗಪುರದಲ್ಲಿ. ಕವಾಯತು, ಲಾಠಿ, ಶಿಸ್ತುಗಳನ್ನು ಕಲಿಸುವ ಅಂಗಳದಲ್ಲಿ ಹೆಂಗಸರಿಗೆ ಜಾಗ ಕೊಡಬೇಕೇ, ಕೊಟ್ಟರೆ ಗಂಡಸರ ಜೊತೆಗೋ ಬೇರೆಯಾಗಿಯೋ ಎಂಬ ಪ್ರಶ್ನೆ 1920 ಮತ್ತು 1930ರ ದಶಕಗಳಲ್ಲಿ ಈ ಎರಡು ಊರುಗಳ ಜನರನ್ನು ಕಾಡಿತು. ಅವರು ಕೊಟ್ಟ ಉತ್ತರಗಳು ಬೇರೆಬೇರೆ.

ಮೊದಲು ಈ ಕತೆಯ ನೆಲವನ್ನು ಗುರುತಿಸಿಕೊಳ್ಳೋಣ. ನಾಗಪುರದ ಪಶ್ಚಿಮ ಅಂಚಿನಲ್ಲಿ, ಅಮರಾವತಿ ರಸ್ತೆಯ ಮೇಲೆ, ವಾಡಿ ಎಂಬ ಊರಿದೆ. ಕನ್ನಡಿಗರಿಗೆ ವಾಡಿ ಎಂದರೆ ಕಲಬುರಗಿ ಜಿಲ್ಲೆಯ ರೈಲು ಜಂಕ್ಷನ್ ನೆನಪಾಗುತ್ತದೆ, ಇದು ಅದಲ್ಲ. ಲಾರಿ, ಗೋದಾಮುಗಳ ಊರು ಇದು. ಹತ್ತಿರದಲ್ಲೇ ಅಂಬಾಝರಿಯ ಶಸ್ತ್ರಾಸ್ತ್ರ ಕಾರ್ಖಾನೆಯಿದೆ. ಇಲ್ಲಿಂದ ಪೂರ್ವಕ್ಕೆ ಹೊರಳಿದರೆ ನಾಗಪುರದ ಹಳೆಯ ಪೇಟೆ. ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್ ಹೋದರೆ ಅಮರಾವತಿ. ಅಲ್ಲಿ 1914ರಲ್ಲಿ ವೈದ್ಯ ಸಹೋದರರು ಕಟ್ಟಿದ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳ ಈಗಲೂ ನಡೆಯುತ್ತಿದೆ. 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಕಬಡ್ಡಿ ಮತ್ತಿತರ ದೇಶೀ ಆಟ, ವ್ಯಾಯಾಮಗಳನ್ನು ಆಡಿ ತೋರಿಸಿ ಬಂದವರು ಈ ಮಂಡಳದವರೇ. ದಕ್ಷಿಣದಲ್ಲಿ ವರ್ಧಾ. ಮುಂದೆ ಬರುವ ಕತೆಯ ಬಹುಭಾಗ ವಾಡಿಯ ಸುತ್ತಲಿನ ಈ ಊರುಗಳಿಗೂ ಹುಬ್ಬಳ್ಳಿ, ಬೆಳಗಾವಿಗಳಿಗೂ ನಡುವೆ ನಡೆದದ್ದು.

ಗರಡಿಯ ಕಟ್ಟಳೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಮೀಸಲಾದ ಒಂದು ಭಾಗವಿದೆ. ಜಟ್ಟಿಗಳನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆಗಳಾಗಿ ವಿಂಗಡಿಸುವುದು, ಅವರಿಗೆ ಕಾಳು, ಮಾಂಸ, ಹಾಲು, ಸಿಹಿತಿಂಡಿಗಳ ಊಟ ಗೊತ್ತುಮಾಡುವುದು, ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಸಾಧನೆ ಇತ್ಯಾದಿ ಶ್ರಮಗಳನ್ನು ಕಲಿಸುವುದು ಎಲ್ಲವೂ ಅಲ್ಲಿ ಬರುತ್ತವೆ. ಜಟ್ಟಿಗಳನ್ನು ಅರಮನೆಯ ಹೆಂಗಸರಿಂದ ದೂರ ಇಡಬೇಕೆಂಬ ಮಾತೂ ಅಲ್ಲೇ ಇದೆ. ಮೈಬಲ ಉಳಿಯುವುದು ಬ್ರಹ್ಮಚರ್ಯದಿಂದ ಎಂಬ ನಂಬಿಕೆಯೇ ಇದರ ಬೇರು. ಮುಂದೆ ಗರಡಿಗೆ ಹನುಮಂತ ಒಡೆಯನಾದ ಮೇಲೆ ಈ ನಂಬಿಕೆ ಇನ್ನಷ್ಟು ಬಿಗಿಯಾಯಿತು. ಮಟ್ಟಿಯ ಕೆಂಪು ಮಣ್ಣನ್ನು ಹೆಂಗಸರು ತುಳಿಯಬಾರದು ಎಂಬ ಮಾತು ಮೈಸೂರಿನಿಂದ ನಾಗಪುರದವರೆಗೆ ಎಲ್ಲ ಗರಡಿ, ಅಖಾಡಗಳಲ್ಲೂ ಕೇಳಿಬರುತ್ತಿತ್ತು. ಮೈಸೂರಿನ ದಸರೆಯಲ್ಲಿ ರಕ್ತದ ಹನಿ ಕಾಣುವವರೆಗೆ ವಜ್ರಮುಷ್ಟಿ ಕಾಳಗ ನಡೆಸುವ ಜಟ್ಟಿಗಳ ಕುಲದೇವತೆ ನಿಂಬುಜಾದೇವಿ. ಒಳಗೆ ಪೂಜೆ ಪಡೆಯುವವಳು ಹೆಣ್ಣು, ಒಳಗೆ ಬರಬಾರದವಳೂ ಹೆಣ್ಣು! ಈ ವಿರೋಧ ಗರಡಿಯವರನ್ನು ಎಂದೂ ಬಾಧಿಸಿದಂತಿಲ್ಲ.

ಹಾಗೆಂದು ಹೆಂಗಸರು ಕಾದುವ ವಿದ್ಯೆಯಿಂದ ಪೂರ್ತಿ ದೂರವಿದ್ದರೆಂದಲ್ಲ. ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ಅರಮನೆಯಲ್ಲಿ ಕತ್ತಿ ಗುರಾಣಿ ಹಿಡಿಯುವ ಹೆಂಗಸರೂ ಕುಸ್ತಿ ಆಡುವ ಹೆಂಗಸರೂ ಇದ್ದರೆಂದು ಬರೆದಿಟ್ಟಿದ್ದಾನೆ. ಆದರೆ ಅವರು ಅಂತಃಪುರದ ಪರಿವಾರಕ್ಕೆ ಸೇರಿದವರು. ಊರ ಗರಡಿಗೂ ಅವರಿಗೂ ಸಂಬಂಧ ಕಲ್ಪಿಸಲು ನೂನಿಜನ ಮಾತುಗಳಲ್ಲಿ ಆಧಾರವಿಲ್ಲ. ಬೇಲೂರಿನ ಬೇಟೆಗಾರ್ತಿ ಮದನಿಕೆಯನ್ನು ತೋರಿಸಿ ಹೊಯ್ಸಳರ ಕಾಲದಲ್ಲಿ ಹೆಣ್ಣುಮಕ್ಕಳೆಲ್ಲ ಬಿಲ್ವಿದ್ಯೆ ಕಲಿಯುತ್ತಿದ್ದರು ಎನ್ನುವವರಿದ್ದಾರೆ. ಶಿಲ್ಪಿಯ ಕಲ್ಪನೆಯನ್ನು ಶಾಲೆಯ ಹಾಜರಿ ಪುಸ್ತಕದಂತೆ ಓದಬಾರದು. ಉಳ್ಳಾಲದ ಅಬ್ಬಕ್ಕ, ಕೆಳದಿಯ ಚೆನ್ನಮ್ಮ, ಬೆಳವಡಿಯ ಮಲ್ಲಮ್ಮ, ಕಿತ್ತೂರಿನ ಚೆನ್ನಮ್ಮ ಇವರೆಲ್ಲ ಯುದ್ಧ ನಡೆಸಿದವರು. ಆದರೆ ರಾಣಿಯೊಬ್ಬಳು ಕತ್ತಿವರಸೆ ಕಲಿತದ್ದಕ್ಕೂ ಸಾಮಾನ್ಯರ ಮನೆಯ ಹುಡುಗಿ ಅಣ್ಣನ ಜೊತೆ ಸಾಮು ಮಾಡಿದ್ದಕ್ಕೂ ಬಹಳ ಅಂತರವಿದೆ.

ನಿಜವಾಗಿ ಹುಡುಗ ಹುಡುಗಿಯರು ಒಟ್ಟಿಗೆ ಕಲಿತ ಹಳೆಯ ಅಂಗಳ ಬೇಕೆಂದರೆ ಕಾಸರಗೋಡಿನಿಂದ ದಕ್ಷಿಣಕ್ಕೆ ಹಬ್ಬಿದ ಕಳರಿಯ ಕಡೆ ನೋಡಬೇಕು. 42 ಅಡಿ ಉದ್ದ, 21 ಅಡಿ ಅಗಲದ ತಗ್ಗು ನೆಲ, ನೈಋತ್ಯ ಮೂಲೆಯಲ್ಲಿ ಮೆಟ್ಟಿಲು ಮೆಟ್ಟಿಲಾದ ಪೂತ್ತರ ಎಂಬ ಪೂಜಾಪೀಠ. ಮೊದಲು ಮೈಸಾಧನೆಯ ಮೆಯ್ತ್ತಾರಿ, ಆಮೇಲೆ ಕೋಲಿನ ಕೋಲ್ತಾರಿ, ಆಮೇಲೆ ಕಬ್ಬಿಣದ ಆಯುಧಗಳ ಅಂಗತ್ತಾರಿ, ಕೊನೆಗೆ ಬರಿಗೈಯ ವಿದ್ಯೆ. ಏಳನೆಯ ವಯಸ್ಸಿನ ಆಸುಪಾಸಿಗೆ ಮಕ್ಕಳು ಕಳರಿಗೆ ಇಳಿಯುತ್ತಿದ್ದರು, ಹೆಣ್ಣುಮಕ್ಕಳೂ ಇಳಿಯುತ್ತಿದ್ದರು. ಉತ್ತರ ಮಲಬಾರಿನ ಲಾವಣಿಗಳಾದ ವಡಕ್ಕನ್ ಪಾಟ್ಟುಗಳ ಪುತ್ತೂರಂ ಮನೆಯ ಉಣ್ಣಿಯಾರ್ಚೆ ಈ ಪರಂಪರೆಯ ನಾಯಕಿ. ಆದರೆ ಹುಡುಗಿ ಮೈನೆರೆದಳೆಂದರೆ ಕಳರಿಯ ಬಾಗಿಲು ಮುಚ್ಚಿತೆಂದೇ ಅರ್ಥ. ಜೊತೆಗಲಿಕೆ ಬಾಲ್ಯಕ್ಕೆ ಸೀಮಿತವಾಗಿತ್ತು. ವಡಗರದ ಮೀನಾಕ್ಷಿ ಅಮ್ಮ ಈ ಕಟ್ಟಳೆ ದಾಟಿದವರಲ್ಲಿ ಹೆಸರಾದವರು. ಏಳನೆಯ ವಯಸ್ಸಿಗೆ ಕಳರಿಗೆ ಸೇರಿದ ಅವರು ನಿಲ್ಲಿಸಲೇ ಇಲ್ಲ. ಗುರುಗಳಾದ ರಾಘವನ್ ಗುರುಕ್ಕಳ್ ಅವರನ್ನೇ ಮದುವೆಯಾಗಿ, ಅವರ ನಂತರ 1949ರಲ್ಲಿ ಆರಂಭವಾದ ಕಡತ್ತನಾಡನ್ ಕಳರಿ ಸಂಘವನ್ನು ತಾವೇ ನಡೆಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 

ನಾಗಪುರದಲ್ಲಿ ಅಖಾಡದ ಸಂಸ್ಕೃತಿ ಬೇರೂರಿದ್ದು ಭೋಸಲೆಗಳ ಆಳ್ವಿಕೆಯಲ್ಲಿ. ಹದಿನೆಂಟನೆಯ ಶತಮಾನದಲ್ಲಿ ರಘೂಜಿ ಭೋಸಲೆಯ ದಂಡು ಒರಿಸ್ಸಾ, ಬಂಗಾಳಗಳವರೆಗೆ ಹೋಗಿ ಬರುತ್ತಿದ್ದಾಗ ಕುಸ್ತಿ, ದಂಡಪಟ್ಟ, ಬನೇಟಿ, ಲಾಠಿಗಳು ಸೈನಿಕನ ಹೊಟ್ಟೆಪಾಡಿನ ವಿದ್ಯೆಗಳಾಗಿದ್ದವು. 1853ರಲ್ಲಿ ಮೂರನೆಯ ರಘೂಜಿ ಗಂಡು ಸಂತಾನವಿಲ್ಲದೆ ತೀರಿಕೊಂಡ ಮೇಲೆ ಡಾಲ್‌ಹೌಸಿ ರಾಜ್ಯವನ್ನು ಕಬಳಿಸಿದ. ದಂಡು ಕರಗಿದರೂ ವಿದ್ಯೆ ಅಖಾಡಗಳಲ್ಲಿ ಉಳಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ಯಾವಂತ ತರುಣರು ಅಖಾಡಕ್ಕೆ ಮತ್ತೆ ಬರತೊಡಗಿದರು. ಬ್ರಿಟಿಷರು ಕಟ್ಟಿದ 'ಸೊರಗಿದ ಹಿಂದೂ' ಎಂಬ ಚಿತ್ರವನ್ನು ಅಳಿಸುವ ಹಟ ಅದರ ಹಿಂದಿತ್ತು. ಈ ಹಟವೂ ಗಂಡಸರದ್ದೇ ಆಗಿತ್ತು.

ಕನ್ನಡಿಗರಿಗೆ ನಾಗಪುರದ ನಂಟು ಗಟ್ಟಿಯಾದದ್ದು 1920ರ ಡಿಸೆಂಬರಿನ ಕಾಂಗ್ರೆಸ್ ಅಧಿವೇಶನದಲ್ಲಿ. ಭಾಷಾವಾರು ಪ್ರಾಂತ ಸಮಿತಿಗಳ ನಿರ್ಣಯವಾದದ್ದು ಅಲ್ಲೇ. ಆ ನಿರ್ಣಯಕ್ಕೆ ಒತ್ತು ಕೊಡಲು ಕರ್ನಾಟಕದಿಂದ ಸುಮಾರು 800 ಪ್ರತಿನಿಧಿಗಳು ಹೋಗಿದ್ದರು. ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿ ಹುಟ್ಟಿದ್ದು ಅದರ ಫಲವಾಗಿ. ಆ ಅಧಿವೇಶನದಲ್ಲಿ ಸ್ವಯಂಸೇವಕರ ವ್ಯವಸ್ಥೆ ನೋಡಿಕೊಂಡವರಲ್ಲಿ ನಾಗಪುರದ ವೈದ್ಯ ಕೇಶವ ಬಲಿರಾಮ ಹೆಡಗೇವಾರ್ ಒಬ್ಬರು. ಅತ್ತ ಧಾರವಾಡದಲ್ಲಿ ಹುಟ್ಟಿದ ಇನ್ನೊಬ್ಬ ವೈದ್ಯ, ನಾರಾಯಣ ಸುಬ್ಬರಾವ್ ಹಾರ್ಡೀಕರ್, ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿ, ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿ, 1921ರಲ್ಲಿ ಊರಿಗೆ ಮರಳಿದರು. ಹೆಡಗೇವಾರರು ಹುಟ್ಟಿದ್ದು 1889ರ ಏಪ್ರಿಲ್ 1ರಂದು, ಹಾರ್ಡೀಕರರು ಅದೇ ವರ್ಷದ ಮೇ 7ರಂದು. ಸ್ವಯಂಸೇವಕರ ದಳ ಕಟ್ಟಿದ ಇಬ್ಬರು ವೈದ್ಯರ ನಡುವೆ ವಯಸ್ಸಿನ ಅಂತರ ಐದು ವಾರ. ಕಟ್ಟಿದ ದಳಗಳ ನಡುವಿನ ಅಂತರ ಮಾತ್ರ ಬಹಳ ದೊಡ್ಡದಾಯಿತು.

1923ರಲ್ಲಿ ನಾಗಪುರ ಮತ್ತೆ ಸುದ್ದಿಯಾಯಿತು. ಚರಕದ ಬಾವುಟ ಹಿಡಿದು ಸಿವಿಲ್ ಲೈನ್ಸ್ ಪ್ರದೇಶಕ್ಕೆ ಹೋಗಬಾರದೆಂದು ಸರ್ಕಾರ ತಡೆದಾಗ, ಮೇ 1ರಿಂದ ಜಮ್ನಾಲಾಲ್ ಬಜಾಜರ ನೇತೃತ್ವದಲ್ಲಿ ಝಂಡಾ ಸತ್ಯಾಗ್ರಹ ಶುರುವಾಯಿತು. ಬಜಾಜರು ಸೆರೆಯಾದ ಮೇಲೆ ವಲ್ಲಭಭಾಯಿ ಪಟೇಲರು ಬಂದರು. ಆಗಸ್ಟ್ ಮಧ್ಯದಲ್ಲಿ ಚಳವಳಿ ಮುಗಿಯಿತು. ದೇಶದ ನಾನಾ ಕಡೆಯಿಂದ ತಂಡಗಳು ಬಂದು ಸೆರೆಮನೆ ಸೇರಿದವು. ಹಿಂದಿ ಕವಯಿತ್ರಿ ಸುಭದ್ರಾ ಕುಮಾರಿ ಚೌಹಾನ್ ಇಲ್ಲಿ ಸೆರೆಯಾದ ಮೊದಲ ಮಹಿಳಾ ಸತ್ಯಾಗ್ರಹಿ. ಝಾನ್ಸಿಯ ರಾಣಿಯ ಮೇಲಿನ ಅವರ ಕವಿತೆ ಇಂದಿಗೂ ಉತ್ತರ ಭಾರತದ ಶಾಲಾಮಕ್ಕಳಿಗೆ ಬಾಯಿಪಾಠ. ಹಾರ್ಡೀಕರರ ಹುಬ್ಬಳ್ಳಿ ಸೇವಾ ಮಂಡಲದ ತರುಣರೂ ನಾಗಪುರದಲ್ಲಿ ಸೆರೆಯಾದರು. ಕ್ಷಮಾಪಣೆ ಬರೆದುಕೊಟ್ಟರೆ ಬಿಡುವ ಪರಿಪಾಠವಿತ್ತು. ಸೆರೆಮನೆಯ ಕಷ್ಟ ತಾಳದೆ ಬರೆದುಕೊಟ್ಟವರು ಕೆಲವರು, ಹುಬ್ಬಳ್ಳಿಯವರು ಬರೆಯಲಿಲ್ಲ. ದೇಶದ ನಾಯಕರ ಗಮನ ಅವರ ಮೇಲೆ ಹರಿದದ್ದು ಈ ಕಾರಣದಿಂದ. ಉತ್ಸಾಹ ಸಾಲದು, ತರಬೇತಿ ಬೇಕು ಎಂಬ ಪಾಠ ನಾಗಪುರದ ಸೆರೆಮನೆಯಲ್ಲಿ ಸಿಕ್ಕಿತ್ತು.

ಅದೇ ಡಿಸೆಂಬರಿನಲ್ಲಿ ಕಾಕಿನಾಡದ ಅಧಿವೇಶನದಲ್ಲಿ ಅಖಿಲ ಭಾರತ ಮಟ್ಟದ ಸ್ವಯಂಸೇವಕ ದಳ ರೂಪುಗೊಂಡಿತು. ಹಿಂದೂಸ್ತಾನಿ ಸೇವಾ ಮಂಡಲ, ಆಮೇಲೆ ಹಿಂದೂಸ್ತಾನಿ ಸೇವಾದಳ ಎಂದು ಹೆಸರಾದ ಅದಕ್ಕೆ ಜವಾಹರಲಾಲ್ ನೆಹರೂ ಮೊದಲ ಅಧ್ಯಕ್ಷರು, ಹಾರ್ಡೀಕರರೇ ಸೂತ್ರಧಾರರು, ಕೇಂದ್ರ ಹುಬ್ಬಳ್ಳಿ. ಕಾಂಗ್ರೆಸ್ಸಿನೊಳಗೆ ವಿರೋಧವಿಲ್ಲದಿರಲಿಲ್ಲ. ಸಮವಸ್ತ್ರ, ಕವಾಯತು, ಲಾಠಿ ಇವೆಲ್ಲ ಅಹಿಂಸೆಗೆ ಹೊಂದುವುದೇ, ಇದು ಸೈನ್ಯದ ಮರಿಯಾಗದೇ ಎಂದು ಕೇಳಿದವರಿದ್ದರು. ಹೊಡೆಸಿಕೊಂಡೂ ಸಾಲು ಮುರಿಯದೆ ನಿಲ್ಲುವುದಕ್ಕೆ ಹೊಡೆಯುವವನಿಗಿಂತ ಹೆಚ್ಚಿನ ಶಿಸ್ತು ಬೇಕು ಎಂಬುದು ದಳದವರ ಉತ್ತರದ ತಿರುಳು. ಕಾದುವ ವಿದ್ಯೆಯಿಂದ ಕಾದಾಟವನ್ನು ತೆಗೆದು ವಿದ್ಯೆಯನ್ನಷ್ಟೇ ಉಳಿಸಿಕೊಂಡ ಅಪರೂಪದ ಪ್ರಯೋಗ ಇದು. ಹೆಂಗಸರಿಗೆ ಬಾಗಿಲು ತೆರೆದದ್ದೂ ಬಹುಶಃ ಇದರಿಂದಲೇ. ಎದುರಾಳಿಯನ್ನು ಕೆಡವುವುದೇ ಗುರಿಯಲ್ಲವಾದ ಮೇಲೆ ತೋಳ್ಬಲದ ಲೆಕ್ಕ ಹಿಂದೆ ಸರಿಯುತ್ತದೆ.

ಆ ಬಾಗಿಲಲ್ಲಿ ಮೊದಲು ಕಾಣುವವರು ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಹದಿಮೂರಕ್ಕೆ ಮದುವೆಯಾಗಿ, ಸುಧಾರಕ ಮಾವ ಆನಂದರಾಯರ ಒತ್ತಾಸೆಯಿಂದ ಮೆಟ್ರಿಕ್ ಪಾಸು ಮಾಡಿದ ಅವರು 1923ರಲ್ಲಿ ಗಂಡನನ್ನು ಕ್ಷಯದಿಂದ ಕಳೆದುಕೊಂಡರು. ಹುಬ್ಬಳ್ಳಿಯಲ್ಲಿ ಮಾವ ನಡೆಸುತ್ತಿದ್ದ ಕರ್ನಾಟಕ ಮುದ್ರಣಾಲಯ, ತಿಲಕ ಕನ್ಯಾಶಾಲೆ, ಭಗಿನಿ ಮಂಡಲ, ಇವು ಅವರ ಕಾರ್ಯಕ್ಷೇತ್ರ. ಹಾರ್ಡೀಕರರು ಸೇವಾದಳದ ಮಹಿಳಾ ವಿಭಾಗವನ್ನು ಅವರ ಕೈಗೆ ಕೊಟ್ಟರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದಾಗ, ಉಮಾಬಾಯಿ ಊರೂರು ತಿರುಗಿ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕಲೆಹಾಕಿದ್ದರು. ತಲೆ ಮೇಲಿನ ಸೆರಗು ಸರಿಯದಂತೆ ಬೆಳೆದ ಹೆಣ್ಣುಮಕ್ಕಳು ಸಾವಿರಾರು ಗಂಡಸರ ನಡುವೆ ಸಾಲು ನಿಲ್ಲಿಸುವ, ದಾರಿ ಬಿಡಿಸುವ ಕೆಲಸಕ್ಕೆ ನಿಂತರು. ಸ್ವತಃ ವಿಧವೆಯಾಗಿದ್ದ ಹೆಂಗಸೊಬ್ಬಳು ಅವರ ಮುಂದಾಳಾಗಿದ್ದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು ಲಂಡನ್ನಿನಿಂದ ಮರಳಿ ಸೇವಾದಳ ಸೇರಿದವರು. ದೇಶದ ಬೇರೆಬೇರೆ ಭಾಗಗಳಿಂದ ಸೇವಿಕೆಯರನ್ನು ಆರಿಸಿ ತರಬೇತಿ ಕೊಡುವ ಹೊಣೆ ಮುಂದೆ ಅವರದಾಯಿತು. 1930ರಲ್ಲಿ ದಾಂಡಿಗೆ ಹೊರಟ ಗಾಂಧೀಜಿ ಆರಿಸಿಕೊಂಡ 78 ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರಿಗೆ ಉಪ್ಪಿನ ಸತ್ಯಾಗ್ರಹದಲ್ಲಿ ಸಮಾನ ಪಾಲು ಬೇಕೆಂದು ಗಾಂಧೀಜಿಯನ್ನೇ ಕಂಡು ಒಪ್ಪಿಸಿದವರಲ್ಲಿ ಕಮಲಾದೇವಿ ಮುಖ್ಯರು. ಮುಂಬಯಿಯ ಕಡಲತೀರದಲ್ಲಿ ಉಪ್ಪು ಮಾಡಿದ ಮೊದಲ ತಂಡದಲ್ಲೇ ಅವರಿದ್ದರು. ಸೇವಾದಳದ ಅಂಗಳದಲ್ಲಿ ಆರು ವರ್ಷಗಳಿಂದ ಗಂಡಸರ ಜೊತೆ ಕೆಲಸ ಮಾಡಿ ರೂಢಿಯಿದ್ದ ಹೆಂಗಸರಿಗೆ 'ನೀವು ಹಿಂದೆ ನಿಲ್ಲಿ' ಎಂಬ ಮಾತು ವಿಚಿತ್ರವಾಗಿ ಕೇಳಿಸಿರಬೇಕು. 1932ರಲ್ಲಿ ಸರ್ಕಾರ ದಳವನ್ನು ನಿಷೇಧಿಸಿತು. ಉಮಾಬಾಯಿ ಯರವಡಾ ಸೆರೆಮನೆ ಸೇರಿದರು.

ಸೇವಾದಳದ್ದು ಪೂರ್ತಿ ಒಂದೇ ಅಂಗಳ ಎಂದರೆ ಉತ್ಪ್ರೇಕ್ಷೆಯಾದೀತು. ಹೆಂಗಸರದು ಪ್ರತ್ಯೇಕ ವಿಭಾಗವೇ. ಆದರೆ ದಳ ಒಂದು, ಬಾವುಟ ಒಂದು, ಅಧಿವೇಶನದ ಮೈದಾನ ಒಂದು. ನಾಗಪುರದಲ್ಲಿ 1925ರ ವಿಜಯದಶಮಿಯಂದು ಹೆಡಗೇವಾರರು ಆರಂಭಿಸಿದ ರಾಷ್ಟ್ರೀಯ ಸ್ವಯಂಸೇವಕ ಸಂಘ ಇನ್ನೊಂದು ದಾರಿ ಹಿಡಿಯಿತು. ಅಖಾಡದ ಲಾಠಿ ಮತ್ತು ಸೈನ್ಯದ ಕವಾಯತು ಎರಡನ್ನೂ ಸಂಜೆಯ ಶಾಖೆಗೆ ತಂದ ಸಂಘ, ಅಖಾಡದ ಹಳೆಯ ಕಟ್ಟಳೆಯನ್ನೂ ಜೊತೆಗೇ ತಂದಿತು: ಗಂಡಸರಿಗೆ ಮಾತ್ರ. ನಾಗಪುರದಲ್ಲಿ ಹುಟ್ಟಿ ವರ್ಧಾದ ವಕೀಲರೊಬ್ಬರನ್ನು ಮದುವೆಯಾಗಿ, 1932ರಲ್ಲಿ ವಿಧವೆಯಾದ ಲಕ್ಷ್ಮೀಬಾಯಿ ಕೇಳ್ಕರ್ ತಮ್ಮ ಗಂಡುಮಕ್ಕಳು ಶಾಖೆಗೆ ಹೋಗಿ ಬರುವುದನ್ನು ನೋಡುತ್ತಿದ್ದರು. ಹೆಣ್ಣುಮಕ್ಕಳಿಗೇಕೆ ಇಲ್ಲ ಎಂದು ಹೆಡಗೇವಾರರನ್ನು ಕೇಳಿದಾಗ ಸಂಘದೊಳಗೆ ಜಾಗ ಸಿಗಲಿಲ್ಲ. ಬೇರೆ ಸಂಸ್ಥೆ ಕಟ್ಟುವ ಸಲಹೆ ಸಿಕ್ಕಿತು. 1936ರ ಅಕ್ಟೋಬರ್ 25ರ ವಿಜಯದಶಮಿಯಂದು ವರ್ಧಾದಲ್ಲಿ ರಾಷ್ಟ್ರ ಸೇವಿಕಾ ಸಮಿತಿ ಆರಂಭವಾಯಿತು. ಲಾಠಿ, ಕಠಾರಿ, ಕತ್ತಿವರಸೆಗಳನ್ನು ಸೇವಿಕೆಯರು ಕಲಿತರು. ಅದೇ ವಿದ್ಯೆ, ಅದೇ ಶಿಸ್ತು, ಆದರೆ ಅಂಗಳ ಬೇರೆ. ಈ ಏರ್ಪಾಡು ಇಂದಿಗೂ ಬದಲಾಗಿಲ್ಲ. ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಕಲಿಯಲು, ತಾವೇ ಮುಂದಾಳುಗಳಾಗಲು ಇದರಿಂದ ಅನುಕೂಲವಾಯಿತು ಎಂಬ ವಾದವಿದೆ. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಬೇರೆ ಅಂಗಳ ಅವರು ಆರಿಸಿಕೊಂಡದ್ದಲ್ಲ, ಉಳಿದದ್ದು ಅದೊಂದೇ ಆಗಿತ್ತು.

ಅದೇ ನಾಗಪುರ 1942ರ ಜುಲೈಯಲ್ಲಿ ಮೂರನೆಯ ಬಗೆಯೊಂದನ್ನು ಕಂಡಿತು. ಅಂಬೇಡ್ಕರರ ಮುಂದಾಳುತನದ ಅಖಿಲ ಭಾರತ ದಲಿತ ವರ್ಗಗಳ ಸಮ್ಮೇಳನದ ಜೊತೆಗೆ, 20ರಂದು ಮಹಿಳಾ ಸಮ್ಮೇಳನವೂ ಅಂಬೇಡ್ಕರರ ಸ್ವಯಂಸೇವಕ ಪಡೆಯಾದ ಸಮತಾ ಸೈನಿಕ ದಳದ ಸಮ್ಮೇಳನವೂ ನಡೆದವು. ಮಹಿಳಾ ಸಮ್ಮೇಳನಕ್ಕೆ ಅಮರಾವತಿಯ ಸುಲೋಚನಾಬಾಯಿ ಡೋಂಗ್ರೆ ಅಧ್ಯಕ್ಷರು. ನೆರೆದ ಹೆಂಗಸರ ಸಂಖ್ಯೆ ಕಂಡು ಅಂಬೇಡ್ಕರರೇ ಬೆರಗಾದರು. ಮರುವರ್ಷ ಸಿಂಗಪುರದಲ್ಲಿ ಸುಭಾಷರ ಆಜಾದ್ ಹಿಂದ್ ಫೌಜಿನಲ್ಲಿ ಲಕ್ಷ್ಮೀ ಸ್ವಾಮಿನಾಥನ್ ನಾಯಕತ್ವದ ಝಾನ್ಸಿ ರಾಣಿ ರೆಜಿಮೆಂಟ್ ಹುಟ್ಟಿತು. ಅದೂ ಹೆಂಗಸರದೇ ಪ್ರತ್ಯೇಕ ತುಕಡಿ. ಸ್ವಾತಂತ್ರ್ಯದ ನಂತರ 1948ರಲ್ಲಿ ಎನ್‌ಸಿಸಿ ಆರಂಭವಾದಾಗಲೂ ಹುಡುಗಿಯರ ವಿಭಾಗ ಬಂದದ್ದು ಮರುವರ್ಷ, ಬೇರೆಯಾಗಿ.

ಅಖಾಡದೊಳಗೆ ಗಂಡಸರನ್ನೇ ಜೋಡಿಯಾಗಿಟ್ಟುಕೊಂಡು ಬೆಳೆದ ಹೆಂಗಸು ಆ ಕಾಲದಲ್ಲಿ ಇರಲಿಲ್ಲವೆಂದಲ್ಲ. ಮಿರ್ಜಾಪುರದಲ್ಲಿ ಹುಟ್ಟಿ ಅಲಿಗಢದಲ್ಲಿ ಸಲಾಂ ಪೈಲ್ವಾನನ ಬಳಿ ಪಳಗಿದ ಹಮೀದಾ ಬಾನು, 1954ರ ಮೇ ತಿಂಗಳಲ್ಲಿ ಬರೋಡಾದಲ್ಲಿ ಬಾಬಾ ಪೈಲ್ವಾನನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಕೆಡವಿದಳು. ತನ್ನನ್ನು ಸೋಲಿಸಿದವನನ್ನೇ ಮದುವೆಯಾಗುವುದಾಗಿ ಸವಾಲು ಹಾಕಿದವಳು ಆಕೆ. ಜನ ಮುಗಿಬಿದ್ದು ನೋಡಿದರು, ಪತ್ರಿಕೆಗಳು ಬರೆದವು. ಪುಣೆಯಲ್ಲಿ ಗಂಡಸೊಬ್ಬನ ಜೊತೆ ಗೊತ್ತಾಗಿದ್ದ ಆಕೆಯ ಕುಸ್ತಿ ಮಾತ್ರ ಅಲ್ಲಿನ ಕುಸ್ತಿ ಸಂಘದವರ ವಿರೋಧದಿಂದ ರದ್ದಾಯಿತು. ಹಮೀದಾ ಒಂದು ಅದ್ಭುತವಾಗಿ ಉಳಿದಳೇ ಹೊರತು ಪದ್ಧತಿಯಾಗಲಿಲ್ಲ.

ಪದ್ಧತಿಯಾಗಿ ಜೊತೆ ತಾಲೀಮು ಬಂದದ್ದು ಹೊರಗಿನಿಂದ, ಮ್ಯಾಟಿನ ಮೇಲೆ. 1960ರ ದಶಕದಲ್ಲಿ ಜೂಡೊ ಒಕ್ಕೂಟ ಹುಟ್ಟಿತು. ಬ್ರೂಸ್ ಲೀ ಚಿತ್ರಗಳ ನಂತರ ಕರಾಟೆ ತರಗತಿಗಳು ಊರೂರಲ್ಲಿ ಕಾಣಿಸಿಕೊಂಡವು. ಜೂಡೊ ಮ್ಯಾಟಿನ ಮೇಲೆ ಸ್ಥಾನ ಗೊತ್ತಾಗುವುದು ನಡುಪಟ್ಟಿಯ ಬಣ್ಣದಿಂದ. ಹಸಿರು ಪಟ್ಟಿಯ ಹುಡುಗಿಗೆ ಬಿಳಿ ಪಟ್ಟಿಯ ಹುಡುಗ ಬಾಗಿ ವಂದಿಸಬೇಕು. ಬೀಳುವುದನ್ನು ಮೊದಲು ಕಲಿಸಿ, ಆಮೇಲೆ ಬೀಳಿಸುವುದನ್ನು ಕಲಿಸುವ ಕ್ರಮದಲ್ಲಿ ಜೋಡಿ ಯಾರು ಎಂಬುದನ್ನು ತೂಕ ಮತ್ತು ಪಳಗಿಕೆ ನೋಡಿ ಗೊತ್ತುಮಾಡುತ್ತಾರೆ. ಇದು ಗರಡಿಯ ಉಸ್ತಾದನಿಗೆ ಇಲ್ಲದಿದ್ದ ಅನುಕೂಲ. ಜೂಡೊ ಹುಟ್ಟಿದ ಜಪಾನಿನಲ್ಲೂ ಸಮಾನತೆ ಸುಲಭವಾಗಿ ಬರಲಿಲ್ಲವೆನ್ನಿ. ಜಿಗೊರೊ ಕಾನೊ 1882ರಲ್ಲಿ ತೆರೆದ ಕೊಡೊಕಾನ್‌ನಲ್ಲಿ ಹೆಂಗಸರ ವಿಭಾಗ ಬಂದದ್ದು 1926ರಲ್ಲಿ, ಅದೂ ಬೇರೆಯಾಗಿ. ಕಾನೊ ಅವರ ನೇರ ಶಿಷ್ಯೆ ಕೇಕೊ ಫುಕುಡಾ ಹೆಂಗಸೆಂಬ ಕಾರಣಕ್ಕೆ 1953ರಿಂದ 1972ರವರೆಗೆ ಐದನೆಯ ಡಾನ್ ದರ್ಜೆಯಲ್ಲೇ ನಿಂತರು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಜೂಡೊ ಪದಕದ ಸ್ಪರ್ಧೆಯಾದದ್ದು 1992ರಲ್ಲಿ, ಮಹಿಳಾ ಕುಸ್ತಿ 2004ರಲ್ಲಿ.

ಮ್ಯಾಟಿನ ಈ ರೂಢಿ ಕರ್ನಾಟಕದಲ್ಲಿ ಚೆನ್ನಾಗಿ ನೆಲೆಯೂರಿದ ಕಡೆಗಳಲ್ಲಿ ಬೆಳಗಾವಿ ಒಂದು. ಅಲ್ಲಿನ ಕ್ರೀಡಾ ವಸತಿನಿಲಯದಲ್ಲಿ ಜೂಡೊ ಬಹುಕಾಲದ ಆಟ. ಹತ್ತಿರದ ತುರಮುರಿ ಗ್ರಾಮದ ರೈತ ಕುಟುಂಬದ ಮಲಪ್ರಭಾ ಜಾಧವ್ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕುರಾಶ್ ಸ್ಪರ್ಧೆಯಲ್ಲಿ, 52 ಕಿಲೋ ವಿಭಾಗದಲ್ಲಿ ಕಂಚು ಗೆದ್ದರು. ಜೂಡೊದ ದಾಯಾದಿಯಂತಿರುವ ಈ ಮಧ್ಯ ಏಷ್ಯಾದ ಕುಸ್ತಿಗೆ ಅವರು ಬಂದದ್ದು ಜೂಡೊದಿಂದಲೇ. ಗಾಂಧೀಜಿಯ ಅಧಿವೇಶನಕ್ಕೆ ಉಮಾಬಾಯಿ ಸೇವಿಕೆಯರನ್ನು ನಿಲ್ಲಿಸಿದ ಬೆಳಗಾವಿಯೇ ಇದು ಎಂಬುದು ಕಾಕತಾಳೀಯ. ನಡುವೆ ನೇರ ಎಳೆಯೇನೂ ಇಲ್ಲ.

ಗರಡಿ ಬಾಗಿಲು ತೆರೆದದ್ದು ಅಗತ್ಯಕ್ಕೆ. ದಿಲ್ಲಿಯಲ್ಲಿ ಹಿರಿಯ ಪೈಲ್ವಾನ ಚಂದಗೀರಾಮ್ ತಮ್ಮ ಹೆಣ್ಣುಮಕ್ಕಳನ್ನು ಅಖಾಡಕ್ಕಿಳಿಸಿದರು. ಹರಿಯಾಣದ ಬಲಾಲಿಯಲ್ಲಿ ಮಹಾವೀರ್ ಫೋಗಟ್ ತಮ್ಮ ಮಕ್ಕಳನ್ನು ಹುಡುಗರ ಜೊತೆ ಕಾದಿಸಿದರು, ಏಕೆಂದರೆ ಜೋಡಿಯಾಗಲು ಬೇರೆ ಹುಡುಗಿಯರೇ ಇರಲಿಲ್ಲ. 2010ರಲ್ಲಿ ಗೀತಾ ಫೋಗಟ್ ಕಾಮನ್‌ವೆಲ್ತ್ ಚಿನ್ನ ಗೆದ್ದ ಮೇಲೆ, ಅದಕ್ಕಿಂತ ಹೆಚ್ಚಾಗಿ 2016ರ 'ದಂಗಲ್' ಚಿತ್ರದ ಮೇಲೆ, ಹಳ್ಳಿಯ ಅಪ್ಪಂದಿರ ಮನಸ್ಸು ಬದಲಾಯಿತು. ಗದಗ, ದಾವಣಗೆರೆ, ಹಳಿಯಾಳಗಳ ಕಡೆಯಿಂದ ಹುಡುಗಿಯರು ಪಾಯಿಂಟ್ ಕುಸ್ತಿಗೆ ಬಂದರು. ಮೈಸೂರು ದಸರೆಯ ಕುಸ್ತಿಯಲ್ಲೂ ಈಗ ಹೆಣ್ಣುಮಕ್ಕಳ ಜೋಡಿ ಕಟ್ಟುತ್ತಾರೆ. ಆದರೆ ಮಣ್ಣಿನ ಮಟ್ಟಿಗೂ ಮ್ಯಾಟಿಗೂ ಇರುವ ಭೇದ ಪೂರ್ತಿ ಅಳಿದಿಲ್ಲ. ಮ್ಯಾಟಿಗೆ ಹನುಮಂತನ ಮಡಿಯಿಲ್ಲ; ಅದು ಸರ್ಕಾರದ ಹಣದಲ್ಲಿ ಬರುತ್ತದೆ. ಹೆಣ್ಣುಮಕ್ಕಳು ಒಳಗೆ ಬಂದದ್ದು ಬಹುತೇಕ ಆ ದಾರಿಯಲ್ಲಿ.

ಜೊತೆ ತಾಲೀಮಿನ ಕಷ್ಟಗಳೂ ನಿಜ. ಮೈಗೆ ಮೈ ತಾಗುವ ವಿದ್ಯೆಯಲ್ಲಿ ಉಸ್ತಾದನ ಅಧಿಕಾರ ದೊಡ್ಡದು, ದೂರು ಹೇಳುವ ದಾರಿ ಚಿಕ್ಕದು. 2023ರ ಜನವರಿಯಲ್ಲಿ ದೇಶದ ಹೆಸರಾಂತ ಕುಸ್ತಿಪಟುಗಳು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕುಳಿತು ಲೈಂಗಿಕ ಕಿರುಕುಳದ ಆರೋಪ ಮಾಡಿದಾಗ ಈ ಮಾತು ಬಯಲಿಗೆ ಬಂತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ತಂದ ಸಾಕ್ಷಿ ಮಲಿಕ್ ಅವರ ಜೊತೆಯಲ್ಲಿ ಬಜರಂಗ್ ಪೂನಿಯಾರಂಥ ಪುರುಷ ಪೈಲ್ವಾನರೂ ಕುಳಿತಿದ್ದರು ಎಂಬುದು ಗಮನಾರ್ಹ. ಒಟ್ಟಿಗೆ ತಾಲೀಮು ಮಾಡಿದವರು ಒಟ್ಟಿಗೆ ಧರಣಿಯನ್ನೂ ಕೂತರು. ಕೆಲಸದ ಜಾಗದ ಕಿರುಕುಳ ತಡೆಯುವ 2013ರ ಕಾಯ್ದೆ ಕ್ರೀಡಾ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಆಂತರಿಕ ದೂರು ಸಮಿತಿ ಕಾಗದದ ಮೇಲೆ ಮಾತ್ರ ಇದ್ದರೆ ಜೊತೆ ತಾಲೀಮಿಗೆ ಹೆತ್ತವರು ಒಪ್ಪುವುದು ಕಷ್ಟ.

ಸರ್ಕಾರಗಳು ಈಚೆಗೆ ಶಾಲೆಗಳಲ್ಲಿ ಆತ್ಮರಕ್ಷಣೆ ಕಲಿಸುತ್ತಿವೆ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಡಿ ರಾಣಿ ಲಕ್ಷ್ಮೀಬಾಯಿಯ ಹೆಸರಿನ ಮೂರು ತಿಂಗಳ ತರಬೇತಿಯಿದೆ. ಕರ್ನಾಟಕದ ವಸತಿ ಶಾಲೆಗಳಲ್ಲಿ ಒನಕೆ ಓಬವ್ವನ ಹೆಸರಿನದು ನಡೆಯುತ್ತದೆ. ಎರಡೂ ಹುಡುಗಿಯರಿಗೆ ಮಾತ್ರ. ಸೇವಾದಳದ ಬೆಳಗಾವಿಯ ದಾರಿಯಲ್ಲ ಇದು, 1936ರ ವರ್ಧಾದ ದಾರಿ. ಹಿಡಿತ ಬಿಡಿಸಿಕೊಳ್ಳುವ ಪಟ್ಟನ್ನು ತನ್ನಷ್ಟೇ ತೂಕದ ಗೆಳತಿಯ ಮೇಲೆ ಮಾತ್ರ ಪ್ರಯೋಗಿಸಿ ಕಲಿತ ಹುಡುಗಿಗೆ ಅರ್ಧ ವಿದ್ಯೆ ಮಾತ್ರ ಸಿಕ್ಕಂತೆ. ಜೊತೆಗಿದ್ದು ಕಲಿತ ಹುಡುಗನಿಗೆ ಸಿಗುವ ಪಾಠವೂ ಆ ಮೂರು ತಿಂಗಳಲ್ಲಿ ತಪ್ಪಿಹೋಗುತ್ತದೆ. ಮುಂದಿನ ಬಾರಿ ಈ ಯೋಜನೆಗಳಿಗೆ ಹಣ ಮಂಜೂರಾದಾಗ, ತಕ್ಕ ಮೇಲ್ವಿಚಾರಣೆಯೊಡನೆ ಅದೇ ತರಗತಿಯ ಹುಡುಗರನ್ನೂ ಅದೇ ಮ್ಯಾಟಿನ ಮೇಲೆ ನಿಲ್ಲಿಸುವ ಬಗ್ಗೆ ಶಿಕ್ಷಣ ಇಲಾಖೆ ಯೋಚಿಸಬೇಕು.